ಉಲ್ಟಾ ತಿರುಗಿದ ಗ್ರೈಂಡರು

೨೦೦೮ರ ಏಪ್ರಿಲ್‌ನಲ್ಲಿ ತೆಕ್ಕಟ್ಟೆ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಹತ್ತು ದಿನಗಳ ಇಂಜಿನಿಯರಿಂಗ್ ಪರಿಚಯ ಶಿಬಿರ ನಡೆಯಿತು. ಒಂಬತ್ತನೇ ಕ್ಲಾಸು ಮುಗಿಸಿದ್ದ ವಿಜೇತಾ ಅದಕ್ಕೆ ಸೇರಿದ್ದು ಇಂಜಿನಿಯರಿಂಗ್ ಮೇಲಿನ ಮೋಹದಿಂದಲ್ಲ. ಅವಳ ಅಮ್ಮ ಸುಗುಣಳಿಗೆ ಕೋಟದ ಬಸ್‌ಸ್ಟಾಪಿನ ಎದುರು ನಾಲ್ಕು ಮೇಜಿನ ಹೋಟೆಲಿತ್ತು. ಮನೆಯಲ್ಲಿದ್ದರೆ ರಜೆಯಿಡೀ ತೆಂಗಿನಕಾಯಿ ಹೆರೆಯಬೇಕು. ಶಿಬಿರದಲ್ಲಾದರೆ ಕೂರಲು ಬೆಂಚು, ಮಧ್ಯಾಹ್ನ ಪುಕ್ಕಟೆ ಊಟ.

ಪಾಠ ಮಾಡಲು ಬಂದವರು ರವಿರಾಜ್ ಸರ್. ಬ್ರಹ್ಮಾವರದವರು. ಘಟ್ಟದ ಮೇಲಿನ ಯಾವುದೋ ಇಂಜಿನಿಯರಿಂಗ್ ಕಾಲೇಜಿನಲ್ಲಿ ಹನ್ನೊಂದು ವರ್ಷಗಳಿಂದ ಎಲೆಕ್ಟ್ರಿಕ್ ಮೋಟಾರುಗಳ ಬಗ್ಗೆ ಪಾಠ ಹೇಳುತ್ತಿದ್ದರು. ರಜೆಗೆಂದು ಊರಿಗೆ ಬಂದವರನ್ನು ಹೆಡ್‌ಮಾಸ್ತರರು ಹಿಡಿದು ತಂದು ಕೋಟದ ತಮ್ಮ ಮನೆಯಲ್ಲೇ ಇಟ್ಟುಕೊಂಡಿದ್ದರು. 'ಇಂಜಿನಿಯರಿಂಗ್ ಎಂದರೇನು' ಎಂಬುದನ್ನು ಸರ್ ಅರವತ್ತನಾಲ್ಕು ಸ್ಲೈಡುಗಳಲ್ಲಿ ತಂದಿದ್ದರು. ಆದರೆ ದಿನಾ ಹತ್ತೂವರೆಗೆ ಕರೆಂಟು ಹೋಗುತ್ತಿದ್ದುದರಿಂದ ಮೂರು ದಿನವಾದರೂ ಇಂಜಿನಿಯರಿಂಗ್ ಈಜಿಪ್ಟಿನ ಪಿರಮಿಡ್ಡು ಬಿಟ್ಟು ಮುಂದೆ ಬರಲಿಲ್ಲ. ಹಿಂದಿನ ಬೆಂಚಿನಲ್ಲಿ ಗೊರಕೆ ಕೇಳಿಸಿದ ಮೇಲೆ ಸರ್ ಸೋತು, "ನಾಳೆ ಎಲ್ಲರೂ ಮನೆಯಲ್ಲಿ ಕೆಟ್ಟುಹೋದ ಒಂದು ಯಂತ್ರ ತನ್ನಿ. ಬಿಚ್ಚಿ ನೋಡೋಣ" ಎಂದುಬಿಟ್ಟರು.

ಈ ಮಾತು ಸಂಜೆಯೊಳಗೆ ನಾಲ್ಕು ಊರು ಸುತ್ತಿತು. ಸುತ್ತುವಾಗ 'ಬಿಚ್ಚಿ ನೋಡುವುದು' ಹೋಗಿ 'ಪುಕ್ಕಟೆ ರಿಪೇರಿ' ಆಯಿತು. ಮರುದಿನ ಬೆಳಿಗ್ಗೆ ಶಾಲೆಯ ಜಗಲಿಯಲ್ಲಿ ಐದು ಮಿಕ್ಸಿ, ಎರಡು ಟೇಬಲ್ ಫ್ಯಾನು, ಲೆಕ್ಕವಿಲ್ಲದಷ್ಟು ಇಸ್ತ್ರಿಪೆಟ್ಟಿಗೆ ಕೂತಿದ್ದವು. ದೇವಪ್ಪ ಎಂಬ ಕೃಷಿಕ ತನ್ನ ಗದ್ದೆಯ ಪಂಪನ್ನೇ ರಿಕ್ಷಾದಲ್ಲಿ ಹೇರಿಕೊಂಡು ಬಂದಿದ್ದ.

"ಹ್ವಾಯ್ ಮಾಷ್ಟ್ರೇ, ಇದ್ ಮಧ್ಯಾಹ್ನದೊಳಗೆ ಆತ್ತಾ? ಬಸಳೆ ಒಣ್ಗತ್ತ್ ಮರ್ರೆ!"

ಸರ್ ಪಂಪಿನ ಸುತ್ತ ಒಂದು ಪ್ರದಕ್ಷಿಣೆ ಬಂದರು. ನಮಸ್ಕಾರ ಮಾಡುವುದೊಂದು ಬಾಕಿ. ಆಮೇಲೆ ಒಂದು ಮಿಕ್ಸಿ ಎತ್ತಿಕೊಂಡು ಸ್ಕ್ರೂಡ್ರೈವರ್ ಹಿಡಿದರು. ಸ್ಕ್ರೂ ಅಲುಗಲಿಲ್ಲ. ಅವರು ಅದನ್ನು ಬಿಗಿ ಮಾಡುತ್ತಿದ್ದಾರೆಂದು ಮೊದಲು ಗೊತ್ತಾದದ್ದು ಕೀರ್ತನ್ ಎಂಬ ಹುಡುಗನಿಗೆ.

"ಸರ್, ನೀವ್ ಇದ್ಕಿಂತ ಮುಂಚೆ ಎಂತ ಬಿಚ್ಚಿದ್ರಿ?" ಎಂದು ಅವನು ಕೇಳಿದ.

"ಎಂಟನೇ ಕ್ಲಾಸಿನಲ್ಲಿ ಅಪ್ಪನ ವಾಚು. ಸಮಾ ಪೆಟ್ಟು ಬಿತ್ತು. ಆಮೇಲೆ ಏನೂ ಬಿಚ್ಚಿಲ್ಲ" ಎಂದರು ಸರ್.

ಕ್ಲಾಸು ಬಿದ್ದು ಬಿದ್ದು ನಕ್ಕಿತು. ಸರ್ ಕಿವಿ ಕೆಂಪಾಯಿತು. ಆದರೂ ಎದ್ದು ಹೋಗಲಿಲ್ಲ. ಬೋರ್ಡಿನ ಮೇಲೆ ಬರೆದರು: 'ಬಿಚ್ಚುವ ಮೊದಲು ಚಿತ್ರ ಬರೆಯಿರಿ.' ಹುಡುಗರು ಮಿಕ್ಸಿ, ಫ್ಯಾನು, ಇಸ್ತ್ರಿಪೆಟ್ಟಿಗೆಗಳ ಮೇಲೆ ಮುಗಿಬಿದ್ದರು. ಆರು ಹುಡುಗಿಯರ ಪಾಲಿಗೆ ಉಳಿದದ್ದು ಯಾರೋ ತಂದಿದ್ದ ಒಂದು ಟಾರ್ಚು. ಅದರಲ್ಲಿ ಸೆಲ್ಲೂ ಇರಲಿಲ್ಲ.

ವಿಜೇತಾಳಿಗೆ ಮೈಯೆಲ್ಲ ಉರಿಯಿತು. ಬಿಚ್ಚಲು ಯಂತ್ರ ನಮ್ಮ ಮನೆಯಲ್ಲೂ ಇದೆ ಎಂದುಕೊಂಡಳು. ಅದು ಕೆಟ್ಟಿಲ್ಲ ಎಂಬುದು ಅವಳಿಗೆ ದೊಡ್ಡ ವಿಷಯವಾಗಿ ಕಾಣಲಿಲ್ಲ.

ಶನಿವಾರ ಸುಗುಣ ಬೈಂದೂರಿಗೆ ಮದುವೆಗೆ ಹೋದಳು. ಅವಳ ಬಸ್ಸು ಹೊರಟ ಹತ್ತೇ ನಿಮಿಷದಲ್ಲಿ ಹೋಟೆಲಿನ ಗ್ರೈಂಡರು ನೆಲದ ಮೇಲೆ ಮಲಗಿತ್ತು. ಚಿತ್ರಗಿತ್ರ ಬರೆಯುತ್ತಾ ಕೂರುವ ತಾಳ್ಮೆ ವಿಜೇತಾಳಿಗಿರಲಿಲ್ಲ. ಮೋಟಾರಿನಿಂದ ನಾಲ್ಕು ವಯರು ಹೊರಟಿದ್ದವು; ಎಣ್ಣೆ ಜಿಡ್ಡಿಗೆ ನಾಲ್ಕೂ ಒಂದೇ ಬಣ್ಣ. ಅವನ್ನೂ ಬಿಚ್ಚಿ, ಒರೆಸಿ, ನೋಡಿ ಸಂತೋಷಪಟ್ಟು, ನೆನಪಿದ್ದ ಹಾಗೆ ಮತ್ತೆ ಜೋಡಿಸಿದಳು.

ಸಂಜೆ ಐದಕ್ಕೆ ಸುಗುಣ ಬಂದವಳೇ ಮರುದಿನದ ದೋಸೆಗೆ ನೆನೆಹಾಕಿಟ್ಟಿದ್ದ ಅಕ್ಕಿ, ಉದ್ದು ಹಾಕಿ ಸ್ವಿಚ್ಚು ಒತ್ತಿದಳು. ಗ್ರೈಂಡರು ತಿರುಗಿತು, ಆದರೆ ಉಲ್ಟಾ. ಹಿಟ್ಟು, ಅದನ್ನು ಕಲ್ಲಿನ ಕಡೆ ತಳ್ಳುವ ಅಡ್ಡಪಟ್ಟಿಯ ಹಿಂದೆ ಗುಡ್ಡೆಯಾಗಿ, ಅಂಚು ಹತ್ತಿ, ಸುಗುಣ ಮದುವೆಗೆ ಉಟ್ಟುಹೋಗಿದ್ದ ಸೀರೆಯ ಮೇಲೆ ಇಳಿಯಿತು.

"ಎಂತ ಮಾಡಿದ್ದೆ ಹೆಣೆ ನೀನ್?"

ವಿಜೇತಾ ಉತ್ತರ ಹೇಳಲು ನಿಲ್ಲಲಿಲ್ಲ. ಸೈಕಲ್ ಹತ್ತಿ ಹೆಡ್‌ಮಾಸ್ತರರ ಮನೆಗೆ ಹೋದಳು. ರವಿರಾಜ್ ಸರ್ ಲುಂಗಿ ಉಟ್ಟು ಜಗಲಿಯಲ್ಲಿ ಹಲಸಿನ ಹಪ್ಪಳ ತಿನ್ನುತ್ತಿದ್ದರು.

"ಸರ್, ಬೇಗ ಬನಿ. ನಮ್ಮನಿ ಗ್ರೈಂಡರ್ ಉಲ್ಟಾ ತಿರ್ಗತ್ತ್. ಅಮ್ಮ ನನ್ನ ಕೊಂದ್ ಹಾಕತ್ತ್!"

ಸರ್ ಹಪ್ಪಳ ಕೈಯಲ್ಲೇ ಹಿಡಿದು ಎದ್ದರು. "ಉಲ್ಟಾ? ನಿಜವಾಗಿ ಉಲ್ಟಾ?" ಅವರ ದನಿಯಲ್ಲಿ ಹೆದರಿಕೆಗಿಂತ ಆಸೆಯೇ ಹೆಚ್ಚಿತ್ತು. ಲುಂಗಿಯಲ್ಲೇ ಹೊರಟರು.

ಹೋಟೆಲಿನಲ್ಲಿ ಸುಗುಣ ಸೌಟು ಹಿಡಿದು ನಿಂತಿದ್ದಳು. ಸರ್ ಮೇನ್ ಸ್ವಿಚ್ಚು ಬಂದ್ ಮಾಡಿಸಿ, ನೆಲಕ್ಕೆ ಕೂತು, ಮೋಟಾರಿಗೆ ಮೂಗು ತಾಗಿಸಿ ನೋಡಿದರು. ಮೋಟಾರನ್ನು ಹೊರಡಿಸುವ ಸುರುಳಿಯ ಎರಡು ತುದಿ ಅದಲುಬದಲಾದರೆ ಅದು ಹಿಂದಕ್ಕೆ ತಿರುಗುತ್ತದೆ ಎಂದು ವಿವರಿಸಿದರು. ಅವರ ಕಾಲೇಜಿನಲ್ಲಿ ಪ್ರತಿ ವರ್ಷ ಆಗಸ್ಟ್‌ನಲ್ಲಿ ಈ ಪಾಠ ಬರುತ್ತದಂತೆ.

"ಹಾಂಗಾರೆ ಸಮ ಮಾಡಿ" ಎಂದಳು ಸುಗುಣ.

"ನಾಲ್ಕರಲ್ಲಿ ಆ ಎರಡು ಯಾವುದು ಅಂತ..." ಎಂದು ಸರ್ ಒಂದೊಂದೇ ವಯರು ಎಳೆದು ನೋಡಿದರು.

ಮೊದಲ ಸಲ ತಪ್ಪು ವಯರು ಬದಲಿಸಿದರು. ಸ್ವಿಚ್ಚು ಒತ್ತಿದಾಗ ಮೋಟಾರು ಎಮ್ಮೆಯ ಹಾಗೆ ಗುರುಗುಟ್ಟಿ, ಢಂ ಎಂದು ಫ್ಯೂಸು ಹಾರಿತು. ಸರ್ ಹಿಟ್ಟಿನ ಮೇಲೆ ಜಾರಿ ಕೂತರು. ವಿಜೇತಾ ಮೊದಲ ಬಾರಿಗೆ ಒಂದು ಹಾಳೆ ತಂದು ನಾಲ್ಕು ವಯರಿಗೂ ನಂಬರು ಹಾಕಿ, ಎಲ್ಲಿಂದೆಲ್ಲಿಗೆ ಎಂದು ಬರೆದಳು. ಒಂದು ಸೆಲ್ಲು, ಟಾರ್ಚಿನ ಬಲ್ಬು ಇಟ್ಟುಕೊಂಡು ಯಾವ ಎರಡು ತುದಿ ಒಂದೇ ಸುರುಳಿಯವು ಎಂದು ಇಬ್ಬರೂ ಹುಡುಕಿ, ಹೊರಡಿಸುವ ಸುರುಳಿಯ ತುದಿಗಳನ್ನು ಅದಲುಬದಲು ಮಾಡಿದರು. ಫ್ಯೂಸು ಕಟ್ಟಿ ಮತ್ತೆ ಸ್ವಿಚ್ಚು ಒತ್ತಿದಾಗ ಗ್ರೈಂಡರು ಸರಿಯಾದ ದಿಕ್ಕಿಗೆ ತಿರುಗಿತು.

"ಹೋಯ್! ತಿರ್ಗಿತ್! ಕಾಣಿ, ಸಮಾ ತಿರ್ಗಿತ್!" ಎಂದು ಸರ್ ಪುಸ್ತಕದ ಕನ್ನಡ ಮರೆತು ಕೂಗಿದರು.

ಸುಗುಣ ಅವರನ್ನು ಮೇಲಿಂದ ಕೆಳಗೆ ನೋಡಿದಳು. "ಹನ್ನೊಂದ್ ವರ್ಷ ಪಾಠ ಮಾಡಿದ್ರಿ ಅಂಬ್ರ್. ಕಂಡದ್ದ್ ಇವತ್ತಾ?"

"ಹೌದಮ್ಮ, ಇವತ್ತೇ."

ಸುಗುಣಳಿಗೆ ಬೈಯಲು ತುಂಬ ಮಾತಿತ್ತು. ಆದರೆ ಇಷ್ಟು ಸಲೀಸಾಗಿ ಒಪ್ಪಿಕೊಂಡವರನ್ನು ಬೈಯುವುದು ಹೇಗೆಂದು ತಿಳಿಯಲಿಲ್ಲ. ಮಗಳಿಗೆ ನೆಲ ತೊಳೆಯಲು ಹಚ್ಚಿ, ಸರ್ ಮುಂದೆ ಚಾ ಇಟ್ಟಳು.

ಸೋಮವಾರ ಸರ್ ಸ್ಲೈಡುಗಳ ಕಟ್ಟನ್ನು ಬಿಚ್ಚಲೇ ಇಲ್ಲ. ಶಿಬಿರವನ್ನೇ ಬಸ್ಸು ಹತ್ತಿಸಿ ಕುಂದಾಪುರದ ಚಂದಯ್ಯನ ಅಂಗಡಿಗೆ ಕರೆದುಕೊಂಡು ಹೋದರು. ಚಂದಯ್ಯ ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತುವವನು. ದೇವಪ್ಪನ ಪಂಪೂ ಕೊನೆಗೆ ಅಲ್ಲಿಗೇ ಸೇರಿತ್ತು. ಮಕ್ಕಳ ನಡುವೆ ನೋಟ್‌ಬುಕ್ಕು ಹಿಡಿದು ಕೂತಿದ್ದ ದೊಡ್ಡ ಮನುಷ್ಯನನ್ನು ನೋಡಿ ಚಂದಯ್ಯ, "ಇವ್ರ್ ಯಾರ್?" ಎಂದು ಕೇಳಿದ.

"ನಾನೂ ಕಲೂಕೆ ಬಂದವ" ಎಂದರು ಸರ್.

ವಿಜೇತಾ ಸುತ್ತಿದ ಮೊದಲ ಸುರುಳಿಯನ್ನು ಚಂದಯ್ಯ ಮಾತಿಲ್ಲದೆ ಬಿಚ್ಚಿ ಬಿಸಾಡಿದ. ಎರಡನೆಯದನ್ನೂ ಬಿಸಾಡಿದ. ಮೂರನೆಯದನ್ನು ತಿರುಗಿಸಿ ತಿರುಗಿಸಿ ನೋಡಿ, ದೇವಪ್ಪನ ಪಂಪಿನೊಳಗೆ ಕೂರಿಸಿದ. ಅವಳಿಗೆ ಆ ರಾತ್ರಿ ಊಟ ಸೇರಲಿಲ್ಲ. ಮರುದಿನ ಪಂಪು ನೀರೆತ್ತಿತು ಎಂದು ಸುದ್ದಿ ಬಂದ ಮೇಲೆ ಎರಡು ದಿನದ್ದನ್ನು ಒಟ್ಟಿಗೆ ಉಂಡಳು.

ಮುಂದಿನ ವರ್ಷ ಎಸ್ಸೆಸ್ಸೆಲ್ಸಿ ಮುಗಿಸಿ ಡಿಪ್ಲೊಮಾ ಅರ್ಜಿಯಲ್ಲಿ ಅವಳು ಎಲೆಕ್ಟ್ರಿಕಲ್ ಎಂದು ಬರೆದಳು. ಹೆಣ್ಣುಮಕ್ಕಳಿಗೆ ಕಂಪ್ಯೂಟರೇ ಒಳ್ಳೆಯದು, ಕೈಗೆ ಮಸಿಯಾಗುವುದಿಲ್ಲ ಎಂದು ಹೋಟೆಲಿಗೆ ಬಂದವರೆಲ್ಲ ಬುದ್ಧಿ ಹೇಳಿದರು.

ಸುಗುಣ ದೋಸೆ ಮಗುಚುತ್ತಾ, "ಕಂಪ್ಯೂಟರ್ ಹಾಳಾರೆ ನಿಮ್ಗೆ ದೋಸಿ ತಪ್ಪತ್ತಾ? ನಮ್ಮನಿ ಹೆಣ್ಣ್ ಬರ್ದದ್ದೇ ಸಮ. ಸುಮ್ನೆ ತಿನ್ನಿ" ಎಂದಳು.