ಆಡಿ ತಿಂಗಳಲ್ಲಿ ವಾಸಿಯಾದ ಕೈ

ನನ್ನ ಅಂಗಡಿಗೆ ಬರುವವರು ಯಾರೂ ನನ್ನನ್ನು ಕೇಳಿಕೊಂಡು ಬರುತ್ತಿರಲಿಲ್ಲ. ಸೇಲಂನ ಫೇರ್‌ಲ್ಯಾಂಡ್ಸ್‌ನಲ್ಲಿ ಮೊದಲ ಮಹಡಿಯ ಒಂದು ಕೋಣೆ, ಎರಡು ಮೇಜು, ಬಾಗಿಲ ಮೇಲೆ ‘ಸುಪ್ರಜಾ ನೇಲ್ಸ್’ ಎಂದು ನನ್ನದೇ ಹೆಸರು. ಆದರೆ ಫೋನ್ ಮಾಡಿದವರೆಲ್ಲ ಮೊದಲು ಕೇಳುತ್ತಿದ್ದುದು ಶಾಲಿನಿ ಇದ್ದಾಳಾ ಎಂದು. ಇಲ್ಲವೆಂದರೆ ನಾಳೆ ಬರುತ್ತೇವೆ ಎಂದು ಇಟ್ಟುಬಿಡುತ್ತಿದ್ದರು. ಮೊದಮೊದಲು ನನಗೆ ಹೊಟ್ಟೆ ಉರಿಯುತ್ತಿತ್ತು. ಆಮೇಲೆ ಅಭ್ಯಾಸವಾಯಿತು, ಕೊನೆಗೆ ಅವಳನ್ನೇ ನೆಚ್ಚಿಕೊಂಡು ಕೂತೆ.

ಶಾಲಿನಿ ಧರ್ಮಪುರಿಯ ಹತ್ತಿರ ಮಾರಂಡಹಳ್ಳಿ ಕಡೆಯ ಹುಡುಗಿ. ಮನೆಯಲ್ಲಿ ರಾಗಿ, ಟೊಮೇಟೊ ಬೆಳೆಯುತ್ತಾರೆ. ಆರು ವರ್ಷದ ಹಿಂದೆ, ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಫೋನ್ ಎತ್ತುವ ಕೆಲಸಕ್ಕೆಂದು ನನ್ನ ಹತ್ತಿರ ಬಂದಳು. ನಾನು ಚೆನ್ನೈನಲ್ಲಿ ಮೂರು ತಿಂಗಳು ಕೂತು ಕಲಿತದ್ದನ್ನು ಅವಳು ನನ್ನ ಬೆನ್ನ ಹಿಂದೆ ನಿಂತು ನೋಡಿಯೇ ಕಲಿತುಬಿಟ್ಟಳು. ಮದುಮಗಳ ಕಿರುಬೆರಳ ಉಗುರಿನ ಮೇಲೆ ರೆಕ್ಕೆ ಬಿಚ್ಚಿದ ಗಿಳಿ ಬರೆಯುತ್ತಿದ್ದಳು, ಗಿಳಿಯ ಕಣ್ಣಿನ ಚುಕ್ಕೆಯೂ ಎದ್ದು ಕಾಣುವ ಹಾಗೆ. ಕೈ ಒಂದಿಷ್ಟೂ ನಡುಗುತ್ತಿರಲಿಲ್ಲ.

ಸಂಕ್ರಾಂತಿಗೆ ಹುಟ್ಟುವ ತೈ ತಿಂಗಳಲ್ಲಿ ಧರ್ಮಪುರಿ ಬಸ್ ಸ್ಟ್ಯಾಂಡಿನ ಹಿಂದೆ ಸ್ವಂತ ಅಂಗಡಿ ತೆರೆಯಬೇಕೆಂಬುದು ಅವಳ ಆಸೆ. ಕೋಣೆಯನ್ನೂ ನೋಡಿ ಬಂದಿದ್ದಳು. ನನ್ನ ಹಳೆಯ ಮೇಜನ್ನು ಕೊಡುತ್ತೇನೆಂದು ನಾನೇ ಮಾತು ಕೊಟ್ಟಿದ್ದೆ. ಬೋರ್ಡಿನಲ್ಲಿ ತಮಿಳು, ಇಂಗ್ಲಿಷ್ ಜೊತೆಗೆ ಕನ್ನಡವೂ ಇರಲಿ ಎಂದು ಅವಳ ಹಟ. ನಮ್ಮ ಹಾಗೆ ಅವಳದೂ ಮನೆಮಾತು ಕನ್ನಡ, ಬರೆಯಲು ಮಾತ್ರ ಬಾರದು. ಅದಕ್ಕೆ ನನ್ನ ಅತ್ತೆ ರಮಾಬಾಯಿಯವರ ಹತ್ತಿರ ಒಂದು ಚೀಟಿಯಲ್ಲಿ ತನ್ನ ಹೆಸರು ಬರೆಸಿಕೊಂಡು ಪರ್ಸಿನಲ್ಲಿ ಇಟ್ಟುಕೊಂಡಿದ್ದಳು.

ತುರಿಕೆ ಶುರುವಾದದ್ದು ಚಿತ್ತಿರೈ ತಿಂಗಳ ಬಿಸಿಲಲ್ಲಿ. ಬೆರಳ ತುದಿಗಳಲ್ಲಿ ಸಾಸಿವೆ ಕಾಳಿನಂಥ ಗುಳ್ಳೆ. ಕೆರೆದರೆ ನೀರು.

“ಸೂಡು ಅಕ್ಕಾ. ಒಡಂಬೆಲ್ಲ ಸೂಡಾಗೋಗೈತೆ,” ಎಂದಳು.

ನಮ್ಮೂರಲ್ಲಿ ಎಲ್ಲದಕ್ಕೂ ಸೂಡೇ, ಮೈಯ ಉಷ್ಣವೇ, ಕಾರಣ. ಬಾಯಿ ಹುಣ್ಣಾದರೆ ಸೂಡು, ಕೂದಲು ಉದುರಿದರೆ ಸೂಡು, ಗಂಡ ಸುಮ್ಮಸುಮ್ಮನೆ ರೇಗಿದರೆ ಅದೂ ಸೂಡು. ಅತ್ತೆ ಅವಳ ಕೈಯನ್ನು ಬೆಳಕಿಗೆ ಹಿಡಿದು ನೋಡಿ, “ಉಷ್ಣ ಕಣೇ. ನಾಳೆ ಶುಕ್ರವಾರ, ತಲೆಗೆ ಎಣ್ಣೆ ಹಚ್ಕೊಂಡು ನೀರು ಹಾಕ್ಕೋ. ಮಲಗೋವಾಗ ಹೊಕ್ಕಳಿಗೆ ಎರಡು ತೊಟ್ಟು ಹರಳೆಣ್ಣೆ ಬಿಡು,” ಎಂದರು. ನಾನು ದಿನಾ ಒಂದು ಲೋಟ ಮಜ್ಜಿಗೆ ತಂದುಕೊಟ್ಟೆ. ದೊಡ್ಡ ಉಪಕಾರ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ.

ಉಗುರಿಗೆ ಬಳಿಯುವ ಜೆಲ್ ಅದನ್ನು ಗಟ್ಟಿ ಮಾಡುವ ದೀಪದ ಕೆಳಗೆ ಹಿಡಿಯುವ ತನಕ ಹಸಿಯಾಗಿರುತ್ತದೆ. ಅಂಚಿಗೆ ಸೋರಿದ್ದನ್ನು ಒರೆಸಬೇಕು. ನಾನು ಕಡ್ಡಿಗೆ ಹತ್ತಿ ಸುತ್ತಿ ಒರೆಸುತ್ತಿದ್ದೆ. ಶಾಲಿನಿ ತನ್ನ ಬೆರಳ ತುದಿಯಿಂದಲೇ ಸವರಿ ತೆಗೆಯುತ್ತಿದ್ದಳು. ಅವಳ ಕೆಲಸ ಅಷ್ಟು ಚೊಕ್ಕಟವಾಗಿ ಕಾಣುತ್ತಿದ್ದುದು ಅದಕ್ಕೇ. ಚರ್ಮಕ್ಕೆ ತಾಗಿಸಬೇಡಿ ಎಂದು ಬಾಟಲಿಯ ಮೇಲೆ ಸಣ್ಣ ಅಕ್ಷರದಲ್ಲಿ ಬರೆದಿತ್ತು. ನಾನು ಓದಿದ್ದೆ. ಇಂಥವೆಲ್ಲ ಹೊರದೇಶದ ನಾಜೂಕಿನವರಿಗೆ ಎಂದುಕೊಂಡು ಬಾಟಲಿಯನ್ನು ಮೇಜಿನ ಮೇಲಿಟ್ಟಿದ್ದೆ.

ಒಂದು ವಾರ ಕಳೆದ ಮೇಲೆ ಅವಳೇ ನೀಲಿ ಗ್ಲೌಸ್ ತಂದು ಹಾಕಿಕೊಂಡು ಕೂತಳು. ಅವತ್ತು ಬಂದವರು ತಮಿಳ್‌ಸೆಲ್ವಿ. ಅವರ ಮನೆಯವರದು ಕಲ್ಯಾಣ ಮಂಟಪ, ಅಲ್ಲಿ ಮದುವೆಯಾಗುವ ಹುಡುಗಿಯರನ್ನೆಲ್ಲ ನಮ್ಮ ಅಂಗಡಿಗೆ ಕಳಿಸುವವರು ಇವರೇ. ಗ್ಲೌಸ್ ನೋಡಿದ ಕೂಡಲೇ ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡರು.

“ಎನ್ನಮ್ಮಾ, ಎಂಗ ಕೈ ಅವ್ವಳವು ಅಸಿಂಗಮಾ?” ನಮ್ಮ ಕೈ ಅಷ್ಟು ಹೇಸಿಗೆಯೇ ಎಂದು ಕೇಳಿದ್ದು ಶಾಲಿನಿಯನ್ನು, ನೋಡಿದ್ದು ನನ್ನನ್ನು.

ಅವಳ ಕೈಯಲ್ಲಿ ಗುಳ್ಳೆ ಎದ್ದಿದೆ ಎಂದು ಹೇಳಬಹುದಿತ್ತು. ಹೇಳಿದರೆ ಅಂಟು ರೋಗವೆಂದು ಊರೆಲ್ಲ ಸಾರುತ್ತಾರೆ. ನಾನು ನಕ್ಕು, “ಕಳಚಿಬಿಡು ಶಾಲಿನಿ,” ಎಂದೆ. ಅವಳು ನನ್ನ ಮುಖವನ್ನೊಮ್ಮೆ ನೋಡಿದಳು. ಗ್ಲೌಸ್ ತೆಗೆದು ಮಡಿಸಿ ಚೀಲದಲ್ಲಿಟ್ಟುಕೊಂಡು, ತಮಿಳ್‌ಸೆಲ್ವಿಯ ಕೈ ಹಿಡಿದಳು.

ಆಡಿ ತಿಂಗಳು ಬಂತು. ಬೆಳಿಗ್ಗೆ ಹೊತ್ತು ಮಾರಿಯಮ್ಮನ ಗುಡಿಗಳಲ್ಲಿ ರಾಗಿ ಅಂಬಲಿ ಹಂಚುತ್ತಾರೆ. ಶಾಲಿನಿ ತಪ್ಪದೆ ಹೋಗಿ ಕುಡಿದು ಬರುತ್ತಿದ್ದಳು. ಎರಡನೆಯ ವಾರಕ್ಕೆ ಗುಳ್ಳೆ ಬತ್ತಿದವು. ಮೂರನೆಯ ವಾರಕ್ಕೆ ಹೊಸ ಚರ್ಮ ಬಂತು. “ಅಮ್ಮ ತಂಪು ಮಾಡುಬುಟ್ಳು ಅಕ್ಕಾ,” ಎಂದು ಹತ್ತು ಬೆರಳನ್ನೂ ನನ್ನೆದುರು ಚಾಚಿ ನಕ್ಕಳು. ಅತ್ತೆ ತಮ್ಮ ಹರಳೆಣ್ಣೆಯನ್ನು ಹೊಗಳಿಕೊಂಡರು. ನಾನು ನನ್ನ ಮಜ್ಜಿಗೆಯನ್ನು ಹೊಗಳಿಕೊಂಡೆ.

ಆಷಾಢದ ಹಾಗೆ ಆಡಿಯಲ್ಲೂ ಯಾರೂ ಮದುವೆ ಮಾಡುವುದಿಲ್ಲ. ಮದುವೆ ಇಲ್ಲವೆಂದರೆ ನಮಗೆ ಕೆಲಸವಿಲ್ಲ. ಅಪಾಯಿಂಟ್‌ಮೆಂಟ್ ಪುಸ್ತಕದಲ್ಲಿ ಹಾಳೆಗೆ ಹಾಳೆ ಖಾಲಿ. ಆ ತಿಂಗಳು ಅವಳು ಜೆಲ್ ಮುಟ್ಟಿದ್ದು ಹೆಚ್ಚೆಂದರೆ ನಾಲ್ಕು ಸಲ. ಆ ಖಾಲಿ ಹಾಳೆಗಳನ್ನು ದಿನಾ ತಿರುವಿ ಹಾಕಿ ನಾನು ಗಿರಾಕಿ ಇಲ್ಲವೆಂದು ಗೊಣಗಿದೆನೇ ಹೊರತು ಬೇರೆ ಏನೂ ನನ್ನ ತಲೆಗೆ ಹೊಳೆಯಲಿಲ್ಲ. ಅವಳ ಕೈ ಏಕೆ ವಾಸಿಯಾಯಿತು ಎಂಬುದು ನನ್ನ ಮೇಜಿನ ಮೇಲೇ ಬಿದ್ದಿತ್ತು.

ಮುಂದಿನ ತಿಂಗಳು ಆವಣಿ ಹುಟ್ಟಿದ್ದೇ ತಡ, ಹತ್ತೊಂಬತ್ತು ಮದುಮಕ್ಕಳು. ಐದನೆಯವಳ ಹೊತ್ತಿಗೆ ಶಾಲಿನಿಯ ಬೆರಳುಗಳು ಊದಿಕೊಂಡವು. ಹತ್ತನೆಯವಳ ಹೊತ್ತಿಗೆ ತುದಿಗಳು ಸೀಳಿ, ಅವಳದೇ ಉಗುರುಗಳು ಬುಡದಿಂದ ಮೇಲೆದ್ದವು. ಬೆರಳು ಇಟ್ಟರೆ ಅವಳ ಫೋನ್ ತೆರೆದುಕೊಳ್ಳುತ್ತಿರಲಿಲ್ಲ. “ನನ್ ಫೋನ್ಗೇ ನಾನ್ಯಾರೂಂತ ಗೊತ್ತಾಯ್ತಿಲ್ಲ,” ಎಂದು ತಮಾಷೆ ಮಾಡಿದಳು. ಕುಂಚವನ್ನು ನಡುಬೆರಳು ಉಂಗುರಬೆರಳುಗಳ ನಡುವೆ ಸಿಕ್ಕಿಸಿಕೊಂಡು ಉಳಿದ ಒಂಬತ್ತು ಜನರಿಗೂ ಬರೆದಳು. ನಾನು ಪ್ಲಾಸ್ಟರ್ ಸುತ್ತಿಕೊಟ್ಟೆ. ಇದೊಂದು ಮುಹೂರ್ತ ಮುಗಿಯಲಿ ಎಂದೆ, ಮುಗಿದ ಮೇಲೆ ಇನ್ನೊಂದು ಎಂದೆ.

ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದದ್ದು ಹತ್ತೊಂಬತ್ತು ಮುಗಿದ ಮೇಲೆ. ಏನು ಒಗ್ಗುವುದಿಲ್ಲವೆಂದು ತಿಳಿಯಲು ಅವರು ಅವಳ ಬೆನ್ನಿನ ಮೇಲೆ ಪಟ್ಟಿ ಅಂಟಿಸಿ ಎರಡು ದಿನ ಬಿಟ್ಟು ತೆಗೆದು ನೋಡಿದರು. ನಡುವೆ ಯಾವಾಗಲಾದರೂ ವಾಸಿಯಾಗಿತ್ತಾ ಎಂದು ಕೇಳಿದರು.

“ಆಡಿಯಲ್ಲಿ,” ಎಂದಳು ಶಾಲಿನಿ.

“ಆಡಿಯಲ್ಲಿ ಕೆಲಸ ಇತ್ತಾ?”

ಶಾಲಿನಿ ತನ್ನ ಬೆರಳುಗಳನ್ನು ನೋಡಿಕೊಂಡಳು. ಅವಳಿಗೆ ಅರ್ಥವಾಯಿತು, ನನಗೂ ಆಯಿತು. ಡಾಕ್ಟರು ಪೆನ್ನು ಕೆಳಗಿಟ್ಟು ಹೇಳಿದರು: ಇದು ಉಷ್ಣವಲ್ಲ, ಆ ಜೆಲ್ ಇವಳ ಮೈಗೆ ಆಗುವುದಿಲ್ಲ. ಮೈ ಒಮ್ಮೆ ಹೀಗೆ ತಿರುಗಿ ಬಿದ್ದರೆ ಮತ್ತೆ ಒಪ್ಪಿಕೊಳ್ಳುವುದಿಲ್ಲ. ಇನ್ನು ಇರುವ ತನಕ ಅದನ್ನು ಮುಟ್ಟಬಾರದು, ಉಜ್ಜಿದ ಪುಡಿಯೂ ತಾಗಬಾರದು. ಹಲ್ಲಿಗೆ ತುಂಬುವುದೂ ಇದೇ ಜಾತಿಯ ವಸ್ತು, ನಾಳೆ ಹಲ್ಲು ತುಂಬಿಸುವುದಾದರೂ ಅಲ್ಲಿನ ಡಾಕ್ಟರಿಗೆ ಮೊದಲೇ ತಿಳಿಸಬೇಕು.

“ಮೊದ್ಲೇ ಗ್ಲೌಸ್ ಹಾಕಿದ್ರೆ, ಸಾರ್?” ಶಾಲಿನಿ ಕೇಳಿದಳು.

“ಪೂರ್ತಿ ತಡೆಯೋದಿಲ್ಲ. ಸ್ವಲ್ಪ ತಡೆದಿರೋದು.”

ಆ ‘ಪೂರ್ತಿ ತಡೆಯೋದಿಲ್ಲ’ ಎಂಬ ಮಾತನ್ನು ನಾನು ಎಷ್ಟು ದಿನ ಹಿಡಿದುಕೊಂಡು ಓಡಾಡಿದೆನೋ. ಮೆಟ್ಟಿಲಿಳಿಯುವಾಗ ಅವಳು ನನ್ನನ್ನು ಬಾಯಿಗೆ ಬಂದಂತೆ ಬೈಯಲಿ ಎಂದು ಕಾದೆ. ಅವಳು ಬಸ್ಸಿಗೆ ಹೊತ್ತಾಯಿತು ಎಂದಳು, ಅಷ್ಟೇ. ಅವತ್ತೇ ಊರಿಗೆ ಹೋದಳು.

ಐಪ್ಪಸಿಯಲ್ಲಿ, ದೀಪಾವಳಿಗೆ ಹತ್ತು ದಿನ ಇರುವಾಗ, ಅವಳ ತಾಯಿ ಗೋವಿಂದಮ್ಮ ಇಬ್ಬರು ಹೆಣ್ಣುಮಕ್ಕಳನ್ನೂ ಕರೆದುಕೊಂಡು ನಮ್ಮ ಮನೆಗೆ ಬಂದರು. ಕೈಯಲ್ಲಿ ಒಂದು ಚೀಲ ಅವರೆಕಾಯಿ. ಮಧ್ಯಾಹ್ನವಾಗಿತ್ತು, ಊಟಕ್ಕೆ ಕೂರಿಸಿದೆ. ಶಾಲಿನಿ ತಟ್ಟೆಯ ಮುಂದೆ ಕೂತು, ಬಟ್ಟೆ ಸುತ್ತಿದ ಎರಡೂ ಕೈಗಳನ್ನು ಮಡಿಲಲ್ಲೇ ಇಟ್ಟುಕೊಂಡಳು. ಗೋವಿಂದಮ್ಮ ಸಾರು ಕಲಸಿ ತುತ್ತು ಮಾಡಿ ಅವಳ ಬಾಯಿಗಿಟ್ಟರು.

“ಖಾರ ತಾಗುದ್ರೆ ಉರೀತೈತಂತೆ. ಸ್ಪೂನ್ ಇಡುದ್ರೆ ಸೀಳ್ಕೊತೈತೆ,” ಎಂದರು ನನಗೆ, ಯಾರದೋ ಸುದ್ದಿ ಹೇಳುವಂತೆ. ಇಪ್ಪತ್ತೈದು ವರ್ಷದವಳು ಕಣ್ಣು ತಗ್ಗಿಸಿ ಬಾಯಿ ತೆರೆದಳು. ಅತ್ತೆ ಬಡಿಸುವುದನ್ನು ಬಿಟ್ಟು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನನಗೆ ಹಾಗೆ ಎದ್ದು ಹೋಗಲೂ ಆಗಲಿಲ್ಲ.

ಕೈ ತೊಳೆದು ಬಂದ ಗೋವಿಂದಮ್ಮ ಹೇಳಿದರು: “ನಿಮ್ಮ್ಯಾಲೆ ಒಂದ್ ಕ್ವಾಪಾನೂ ಇಲ್ಲ ತಾಯಿ. ನಮ್ಮವಳ ಒಡಂಬು ಸೂಡು, ಅದ್ಕೆ ಆಗ್ಲಿಲ್ಲ. ಇವ್ಳು ಚಿಕ್ಕೋಳು, ಮಾದೇವಿ. ಪ್ಲಸ್ ಟೂ ಮುಗ್ಸವ್ಳೆ. ಇವ್ಳ ಒಡಂಬು ತಂಪು, ಉಟ್ಟಿದಾಗಿಂದ ಒಂದ್ ಗುಳ್ಳೆ ಎದ್ದಿಲ್ಲ. ಅಕ್ಕನ ಜಾಗಕ್ಕೆ ಇವ್ಳನ್ನ ಇಟ್ಕಳಿ.”

ಡಾಕ್ಟರು ಹೇಳಿದ್ದನ್ನು ಹೇಳಲು ಹೋದೆ. “ಡಾಕ್ಟ್ರು ಏಳ್ತಾರೆ ಬುಡಿ,” ಎಂದರು.

ಅವರು ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಶಾಲಿನಿ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದಳು. “ಬ್ಯಾಡ ಅಂದ್ಬುಡಕ್ಕಾ. ನಾನ್ ಏಳುದ್ರೆ ಒಟ್ಟೆಕಿಚ್ಚು ಅಂತಾಳೆ ನಮ್ಮವ್ವ. ನೀನ್ ಏಳುದ್ರೆ ಕೇಳ್ತಾಳೆ.”

ದೀಪಾವಳಿಗೆ ಮೂವತ್ತೆರಡು ಜನ ಹೆಸರು ಬರೆಸಿದ್ದರು. ಅಂಗಡಿಯಲ್ಲಿ ನಾನೊಬ್ಬಳೇ. ಬೇಡ ಎನ್ನುವ ಒಂದು ಮಾತು ನನ್ನ ನಾಲಿಗೆಯ ತುದಿಯಲ್ಲೇ ಇತ್ತು, ಆಣೆ ಮಾಡಿ ಹೇಳುತ್ತೇನೆ. ಮಾದೇವಿಯನ್ನು ಕರೆದು ಕೈ ಚಾಚು ಎಂದೆ. ಚಾಚಿದಳು. ಒಂದಿಷ್ಟೂ ನಡುಗಲಿಲ್ಲ. ಸೋಮವಾರ ಬಾ ಎಂದೆ.

ಗ್ಲೌಸ್ ಹಾಕಿಸಿದೆ, ಅದೊಂದನ್ನು ಮಾಡಿದೆ. ತಮಿಳ್‌ಸೆಲ್ವಿ ಮುಖ ಗಂಟಿಕ್ಕಿದರೂ ಬಿಡಲಿಲ್ಲ. ಆದರೆ ಅದನ್ನು ಹಾಕಿಕೊಂಡರೆ ಮಾದೇವಿಗೆ ಕುಂಚದ ಎಳೆ ಸರಿಯಾಗಿ ಬರುತ್ತಿರಲಿಲ್ಲ. ತೈ ತಿಂಗಳ ಮದುವೆಗಳು ಮುಗಿಬಿದ್ದಾಗ ಅವಳೇ ತೆಗೆದಿಟ್ಟಳು. ನಾನು ನೋಡಿದೆ, ನೋಡಿದರೂ ಆ ಕಡೆ ತಿರುಗಿ ಫೋನ್ ಎತ್ತಿಕೊಂಡೆ. ಈಗ ಫೋನ್ ಮಾಡುವವರು ಮಾದೇವಿ ಇದ್ದಾಳಾ ಎಂದು ಕೇಳುತ್ತಾರೆ. ಶಾಲಿನಿ ಊರಲ್ಲೇ ಇದ್ದಾಳೆ, ಫೋನ್ ಮಾಡಿದರೆ ಎತ್ತುವುದಿಲ್ಲ. ಧರ್ಮಪುರಿಯ ಆ ಕೋಣೆಗೆ ಮೊಬೈಲ್ ರಿಪೇರಿಯವನು ಬಂದಿದ್ದಾನಂತೆ.

ಇವತ್ತು ಬೆಳಿಗ್ಗೆ ಮಾದೇವಿ ನೀರಿನ ಬಾಟಲಿಯ ಮುಚ್ಚಳವನ್ನು ಹಲ್ಲಿನಿಂದ ತಿರುಗಿಸುತ್ತಿದ್ದಳು. ನಾನು ಹತ್ತಿರ ಹೋಗಿ ಕೈ ತೋರಿಸು ಎಂದೆ.

“ಏನಿಲ್ಲ ಅಕ್ಕಾ,” ಎಂದು ಕೈಯನ್ನು ದುಪಟ್ಟಾದೊಳಗೆ ಎಳೆದುಕೊಂಡಳು.

ಹತ್ತು ಗಂಟೆಯ ಮದುಮಗಳು ತನ್ನ ತಾಯಿಯ ಜೊತೆ ಮೆಟ್ಟಿಲು ಹತ್ತುತ್ತಿದ್ದಳು. ನಾನು ಮತ್ತೆ ಕೇಳಲಿಲ್ಲ.