ಐದನೆಯ ಫಾರಂ

ಪುಸ್ತಕದ ಐದನೆಯ ಫಾರಂ ಅನ್ನು ಅಕ್ಕ ತಲೆಕೆಳಗಾಗಿಟ್ಟು ಹೊಲಿಯಲು ಸೂಜಿ ಚುಚ್ಚಿದಳು. ಕೈತಪ್ಪಿ ಅಲ್ಲ. ಹದಿನೆಂಟು ವರ್ಷದಿಂದ ಬೈಂಡಿಂಗ್ ಅಂಗಡಿಯಲ್ಲಿ ಕೂತವಳ ಕೈ ಹಾಗೆಲ್ಲ ತಪ್ಪುವುದಿಲ್ಲ.

ಪುಸ್ತಕ ವಕೀಲೆ ತಂಗಿಯದು. ಸಮಾನತೆ ಎಂಬುದು ಕಾನೂನಿನೊಳಗೆ ಹೇಗೆ ಬಂತು ಎಂದು ಬರೆದಿದ್ದಳು. ನಾಳೆ ಸಭೆಯಲ್ಲಿ ಮೊದಲ ಪ್ರತಿ ನ್ಯಾಯಾಧೀಶರ ಕೈಗೆ ಹೋಗಬೇಕು; ಅವರು ಅದರ ಐದನೆಯ ಫಾರಂನಿಂದಲೇ ಎರಡು ಪುಟ ಓದುತ್ತಾರಂತೆ. ಅಮ್ಮ ಆಗಲೇ ಬೀದಿಗೆಲ್ಲ ಡಂಗುರ ಸಾರಿ ಬಂದಿದ್ದಳು.

ಹದಿನಾರು ಪುಟದ ಒಂದು ಮಡಿಕೆಗೆ ಒಂದು ಫಾರಂ. ಮಡಚುತ್ತ ಮಡಚುತ್ತ ಅಕ್ಕ ಕದ್ದು ಓದಿದ್ದಳು. ಮೊದಲನೆಯದರಲ್ಲಿ ಆಳಿನ ಸಾಕ್ಷಿಗೆ ಒಡೆಯನ ಮಾತಿನ ಅರ್ಧ ತೂಕ. ಮೂರನೆಯದರಲ್ಲಿ ಜಮೀನಿದ್ದ ಗಂಡಸರಿಗಷ್ಟೇ ಮತ, ನಾಲ್ಕನೆಯದರಲ್ಲಿ ಹೆಂಗಸರಿಗೂ. ಐದನೆಯದರ ನಟ್ಟನಡುವೆ, 'ಒಂದೇ ಮನೆಯ ಮಕ್ಕಳಲ್ಲಿ ಒಬ್ಬರಿಗೆ ಶಾಲೆ, ಇನ್ನೊಬ್ಬರಿಗೆ ದುಡಿಮೆ ಎಂಬ ಕಾಲ ಮುಗಿಯಿತು.'

ಮುಗಿಯಿತಂತೆ! ಅಪ್ಪ ಹಾಸಿಗೆ ಹಿಡಿದ ವರ್ಷ, ಏಳನೇ ಕ್ಲಾಸಿನ ಚೀಲವನ್ನು ಮೊಳೆಗೆ ತೂಗುಹಾಕಿ ಈ ಅಂಗಡಿಗೆ ಬಂದವಳು ಅವಳೇ. ಓದಲಿ ನ್ಯಾಯಾಧೀಶರು, ಪುಸ್ತಕ ಬುಡಮೇಲು ಮಾಡಿಕೊಂಡು ಓದಲಿ. ಸಭೆಗೆ ಸಭೆಯೇ ನಗಲಿ. ದಾರ ಬಿಗಿದು, ಬೆನ್ನಿಗೆ ಅಂಟು ಸವರಿ, ರಟ್ಟು ಕೂರಿಸಿದಳು.

ಅಷ್ಟರಲ್ಲಿ ತಂಗಿ ಬಂದಳು.

"ಆಯ್ತೇನೇ ಅಕ್ಕಾ?"

"ಕಣ್ಣಿಲ್ವಾ? ಎದುರಿಗೇ ಇದೆ, ತಗೊಂಡ್ಹೋಗು."

"ಅಬ್ಬಬ್ಬಾ, ಮುಖ ನೋಡು, ಹರಳೆಣ್ಣೆ ಕುಡಿದ ಹಾಗೆ!"

"ತೆಗೆದು ನೋಡ್ಕೋ ಒಂದ್ಸಲ." ಅಕ್ಕ ಪುಸ್ತಕವನ್ನು ಅವಳತ್ತ ತಳ್ಳಿದಳು.

"ನೀನು ಹೊಲಿದಿದ್ದನ್ನ ನಾನೇನು ನೋಡೋದು? ತಪ್ಪಿದ್ರೆ ನಾನು ಬರೆದಿದ್ರಲ್ಲೇ ಇರ್ಬೇಕು." ತಂಗಿ ರಟ್ಟನ್ನು ಮೂಗಿಗೆ ಹಿಡಿದು ಅಂಟಿನ ವಾಸನೆ ಎಳೆದುಕೊಂಡಳು; ಚಿಕ್ಕವಳಿದ್ದಾಗ ಅಕ್ಕ ಮನೆಗೆ ಬಂದ ಕೂಡಲೇ ಅವಳ ಕೈ ಮೂಸುತ್ತಿದ್ದ ಹಾಗೆ. "ನಾಳೆ ಮುಂದಿನ ಸಾಲಲ್ಲಿ ಕೂತ್ಕೋಬೇಕು ನೀನು."

"ನಂಗೆ ಕೆಲ್ಸ ಇದೆ."

ತಂಗಿ ಹೊಸ್ತಿಲು ದಾಟಿದ್ದಳು.

"ಏಯ್, ಕೊಡಿಲ್ಲಿ! ಅಂಟು ಒಣಗಿಲ್ಲ. ಸಂಜೆ ಬಾ."

"ಈಗ ತಾನೇ ತಗೊಂಡ್ಹೋಗು ಅಂದ್ಯಲ್ಲೇ!"

"ಲಾಯರಗಿರಿ ಎಲ್ಲ ಹೊರಗಿಟ್ಕೋ. ಇಲ್ಲಿ ನಾನು ಹೇಳಿದ್ದೇ ಕಾನೂನು."

ತಂಗಿ ನಗುತ್ತ ಹೋದಳು.

ಅಕ್ಕ ಹಸಿ ರಟ್ಟನ್ನು ಸುಲಿದು, ದಾರ ಕತ್ತರಿಸಿ, ಐದನೆಯ ಫಾರಂ ಅನ್ನು ಸರಿಯಾಗಿ ತಿರುಗಿಸಿಟ್ಟು ಮತ್ತೆ ಹೊಲಿದಳು. ಹಳೆಯ ತೂತುಗಳಿಗೆ ಹೊಸ ಹೊಲಿಗೆ ಕೂಡಲಿಲ್ಲ. ಆ ವಾಕ್ಯದ ಪಕ್ಕ, ಮಡಿಕೆಯೊಳಗೆ, ಸೂಜಿಮೊನೆಯಷ್ಟರ ಆರು ತೂತುಗಳು ಬರಿದೇ ಉಳಿದವು. ಅವಳು ಒಂದೊಂದನ್ನೂ ಉಗುರಿನಿಂದ ತೀಡಿ, ಕಾಗದವನ್ನು ಬೆಳಕಿಗೆ ಹಿಡಿದು ನೋಡಿದಳು.