‘ಪಟ್’ ಯಾವ ವಿಭಾಗಕ್ಕೆ ಸೇರುತ್ತದೆ?

೧

ಎಲ್ಲಿಂದ ಶುರು ಮಾಡಲಿ? ವಿಶ್ವವಿದ್ಯಾಲಯದವರು ನನ್ನಲ್ಲಿ ಕೇಳಿದ್ದು ಕಥೆಯನ್ನಲ್ಲ. ಅವರ ಕೈಪಿಡಿಗೆ ಒಂದು ಪುಟ, ‘ಅಂತರಶಿಸ್ತೀಯ ಉನ್ನತ ಅಧ್ಯಯನದ ಪ್ರಯೋಜನಗಳು’. ಹೀಗೆ ಬರೆದೆ: ‘ಇಂದಿನ ಜಗತ್ತಿನಲ್ಲಿ ಜ್ಞಾನಶಾಖೆಗಳ ನಡುವಿನ ಗೋಡೆಗಳು ಕುಸಿಯುತ್ತಿವೆ.’ ನನಗೇ ಆಕಳಿಕೆ ಬಂತು. (ನಿಮಗೂ ಬಂದಿರಬೇಕು, ಮುಚ್ಚಿಡಬೇಡಿ.) ಯಾವ ಗೋಡೆ ಸ್ವಾಮಿ ಕುಸಿದದ್ದು? ಆ ಕಟ್ಟಡದಲ್ಲಿ ವೈದ್ಯಕೀಯ ವಿಭಾಗದಿಂದ ಭಾಷಾ ವಿಭಾಗಕ್ಕೆ ಹೋಗಲು ಮೆಟ್ಟಿಲಿಳಿದು, ಕಾರ್ ಪಾರ್ಕಿಂಗ್ ಸುತ್ತಿ, ಇನ್ನೊಂದು ಮೆಟ್ಟಿಲು ಹತ್ತಬೇಕು. ನಡುವಿನ ಬಾಗಿಲಿಗೆ ಬೀಗ. ಬೀಗದ ಕೈ ಎಲ್ಲಿದೆಯೋ ಎರಡೂ ಕಡೆಯವರಿಗೆ ಗೊತ್ತಿಲ್ಲ.

ಆ ಪುಟವನ್ನು ಹರಿದು ಹಾಕಿದೆ.

೧ (ಮತ್ತೆ)

ಇಂಟರ್‌ವ್ಯೂ ಕೋಣೆಯ ಹೊರಗೆ, ಬೆಂಚಿನ ಮೇಲೆ ಒಬ್ಬ ನರ್ಸ್ ಕುಳಿತಿದ್ದಳು. ಹನ್ನೊಂದು ವರ್ಷದ ಸರ್ವಿಸ್. ವಾರ್ಡಿನಲ್ಲಿ ಅವಳಿಗೆ ನಿಘಂಟಮ್ಮ ಎಂದೇ ಹೆಸರು, ಯಾಕೆಂದರೆ ರೋಗಿಗಳು ನೋವಿಗೆ ಆಡುವ ಮಾತನ್ನೆಲ್ಲ ಅವಳು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾಳೆ. ಚುರುಚುರು, ಜುಂ, ಧಗಧಗ, ಚುಳ್. ಅದರ ಮೇಲೇ ಪಿಎಚ್.ಡಿ. ಮಾಡುತ್ತೇನೆಂಬ ಹಟ. ಹೋದ ವರ್ಷ ವೈದ್ಯಕೀಯದವರು ‘ಇದು ಭಾಷೆ’ ಎಂದು ಅತ್ತ ಅಟ್ಟಿದರು, ಭಾಷೆಯವರು ‘ಇದು ವೈದ್ಯಕೀಯ’ ಎಂದು ಇತ್ತ ಅಟ್ಟಿದರು. ಈ ವರ್ಷ ಇಬ್ಬರೂ ಒಂದೇ ಮೇಜಿಗೆ ಕೂತಿದ್ದಾರೆ. ಇವತ್ತು ಆಗದಿದ್ದರೆ ಮತ್ತೆ ಆಗುವುದಿಲ್ಲ. ಓದಲಿಕ್ಕೆಂದು ಆಸ್ಪತ್ರೆ ಮಂಜೂರು ಮಾಡಿದ ರಜೆ ಈ ವರ್ಷ ಸೇರದಿದ್ದರೆ ರದ್ದಾಗುತ್ತದೆ, ಎರಡನೇ ಸಲ ಕೊಡುವ ಪದ್ಧತಿಯಿಲ್ಲ.

ಅವಳ ಮಡಿಲಲ್ಲಿ ಅರ್ಜಿ. ‘ವಿಭಾಗ’ ಎಂಬುದರ ಮುಂದೆ ಒಂದೇ ಚೌಕ. ಅದು ಇನ್ನೂ ಖಾಲಿ.

೨

ಯಾಕಿಷ್ಟು ಹಟ ಎಂದು ನೀವು ಕೇಳುತ್ತೀರಿ. ಮೂರು ವರ್ಷದ ಹಿಂದೆ ಒಬ್ಬ ಟೈಲರ್ ಹೆಂಗಸು ಹೊಟ್ಟೆನೋವೆಂದು ಅಡ್ಮಿಟ್ ಆಗಿದ್ದಳು. ನೋವು ಎಷ್ಟಿದೆ, ಒಂದರಿಂದ ಹತ್ತರೊಳಗೆ ಹೇಳಿ ಎಂದರೆ ಬೆಳಗ್ಗೆ ‘ಎಂಟು’ ಎಂದಳು. ಮಧ್ಯಾಹ್ನ ಕೇಳಿದರೆ ನಗುತ್ತಿದ್ದಳು.

“ದಾರ ಹರಿದ ಹಾಗೆ ಪಟ್ ಅಂತು ಸಿಸ್ಟರ್. ಈಗ ಹಾಯಾಗಿದೆ. ಎರಡು ಅಂತ ಬರ್ಕೊಳ್ಳಿ.”

ನರ್ಸ್ ಎರಡು ಎಂದು ಬರೆದಳು. ‘ಪಟ್’ ಬರೆಯಲು ಅಂಕಿ ತುಂಬುವ ಆ ಚೀಟಿಯಲ್ಲಿ ಜಾಗವಿರಲಿಲ್ಲ, ನೋಟ್‌ಬುಕ್ ಆಗಿನ್ನೂ ಶುರುವಾಗಿರಲಿಲ್ಲ. ಎಂಟು ಎರಡಾದದ್ದು ನೋಡಿ ರೌಂಡ್ಸಿಗೆ ಬಂದ ಡಾಕ್ಟರಿಗೂ ಖುಷಿ. ಸಂಜೆ ಜ್ವರ ಏರಿದಾಗ ಗೊತ್ತಾಯಿತು, ಅಪೆಂಡಿಕ್ಸ್ ಒಡೆದಿತ್ತು. ಒಡೆದ ಕೂಡಲೇ ಕೆಲವರಿಗೆ ನೋವು ಸ್ವಲ್ಪ ಹೊತ್ತು ಇಳಿದುಬಿಡುತ್ತದೆ. ಅಂಕಿ ಮೋಸ ಮಾಡಿತ್ತು, ಮಾತು ನಿಜ ಹೇಳಿತ್ತು.

ಟೈಲರ್ ಮರುದಿನ ತೀರಿಕೊಂಡಳು.

“ಯಾರು ಹೇಳಿದ್ದು?” ನರ್ಸ್ ಬೆಂಚಿನಿಂದ ತಲೆಯೆತ್ತಿ ನನ್ನನ್ನೇ ನೋಡಿದಳು. “ಆಯಮ್ಮ ಗುಂಡುಕಲ್ಲಿನ ಹಾಗಿದ್ದಾರೆ. ನನ್ನ ಈ ಯೂನಿಫಾರಂ ಹೊಲಿದಿದ್ದೇ ಅವರು.”

“ಕಥೆಗೆ ಸ್ವಲ್ಪ ತೂಕ ಇರ್ಲಿ ಅಂತ...”

“ನಾನು ‘ಎರಡು’ ಅಂತ ಬರೆದಿದ್ದಕ್ಕೆ ಹತ್ತೊಂಬತ್ತು ದಿನ ಹಾಸಿಗೇಲಿ ನರಳಿದ್ರು. ಆ ತೂಕ ಸಾಲ್ದಾ? ಸಾಯ್ಸಿದ್ರೇನೇ ನಿಮಗೆ ಕಥೆಯಾ?”

ನನ್ನ ಮುಖಕ್ಕೆ ಮಂಗಳಾರತಿ ಆದದ್ದು ಹೀಗೆ. ಟೈಲರನ್ನು ಬದುಕಿಸಿದ್ದೇನೆ. (ಮೇಲಿನ ಆ ಸಾಲನ್ನು ನೀವೂ ಹೊಡೆದುಹಾಕಿ.)

೪

(ಮೂರರಲ್ಲಿ ಅವಳ ಬಾಲ್ಯ ಬರೆದಿದ್ದೆ. ‘ನನ್ನ ಬಾಲ್ಯಕ್ಕೂ ಈ ಸೀಟಿಗೂ ಏನ್ರೀ ಸಂಬಂಧ?’ ಎಂದಳು. ತೆಗೆದೆ.)

ಅವಳನ್ನು ಒಳಗೆ ಕರೆದರು. ಭಾಷೆಯ ಮೇಡಂ ಅವಳ ಅರ್ಜಿ ತಿರುವಿ ಹಾಕುತ್ತಿದ್ದರು. ವೈದ್ಯಕೀಯದ ಸರ್ ಕುರ್ಚಿಯಲ್ಲಿ ಓರೆಯಾಗಿ ಕೂತು, ಒಂದು ಕೈಯಲ್ಲಿ ಸೊಂಟ ಒತ್ತಿಕೊಳ್ಳುತ್ತಿದ್ದರು.

“ಎರಡು ದೋಣಿ ಮೇಲೆ ಕಾಲಿಡಬಾರ್ದಮ್ಮ,” ಎಂದರು ಸರ್. “ನೀರಿಗೆ ಬೀಳ್ತೀರ.”

“ದೋಣಿ ಒಂದೇ ಸರ್. ದಡ ಎರಡು.”

ಮೇಡಂ ನಗು ತಡೆದುಕೊಂಡರು. “ಆದ್ರೂ, ಇದ್ರಿಂದ ಏನು ಪ್ರಯೋಜನ?”

ನರ್ಸ್ ಸರ್ ಕಡೆ ತಿರುಗಿದಳು. “ಸರ್, ಸೊಂಟ ಹೇಗೆ ನೋಯ್ತಿದೆ?”

“ಆರು,” ಎಂದರು ಸರ್, ಅಭ್ಯಾಸಬಲದಿಂದ.

“ಎಷ್ಟು ಅಂತ ಕೇಳ್ಲಿಲ್ಲ ಸರ್. ಹೇಗೆ ಅಂತ ಕೇಳಿದೆ.”

ಸರ್ ಸೊಂಟದ ಮೇಲಿದ್ದ ಕೈಯನ್ನು ತೊಡೆಯತ್ತ ಜಾರಿಸಿ ನೋಡಿಕೊಂಡರು. ಅವರನ್ನು ಯಾರೂ ಹಾಗೆ ಕೇಳಿರಲಿಲ್ಲ. “ಬಗ್ಗಿದ್ರೆ ಛಳಕ್ ಅಂತ ಹಿಡ್ಕೊಳ್ಳುತ್ತೆ. ಆಮೇಲೆ ಕಾಲಿನ ತನಕ ಜುಂ ಅಂತ ಇಳಿಯುತ್ತೆ.”

“ಛಳಕ್ ಅನ್ನೋದು ಸ್ನಾಯು ಇರ್ಬಹುದು, ಜುಂ ಅನ್ನೋದು ನರ ಇರ್ಬಹುದು. ನಿಮ್ಮ ಆರು ಎರಡನ್ನೂ ನುಂಗಿಬಿಡ್ತು. ಇರ್ಬಹುದು ಅನ್ನೋದು ಹೌದೋ ಅಲ್ವೋ ಅಂತ ನೋಡೋಕೆ ನಂಗೆ ನೀವೂ ಬೇಕು, ಮೇಡಮ್ಮೂ ಬೇಕು. ಒಬ್ರು ಸಾಲಲ್ಲ.”

ಸರ್ ಅರ್ಜಿಯನ್ನೂ ಪೆನ್ನನ್ನೂ ಅವಳ ಮುಂದೆ ತಳ್ಳಿದರು. “ಎಲ್ಲಾ ಸರಿ. ಆದ್ರೆ ಚೌಕದಲ್ಲಿ ಒಂದೇ ವಿಭಾಗ ಬರೀಬೇಕು. ಅದು ನಿಯಮ.”

೫

ಮೂರು ಕೊನೆಗಳನ್ನು ಅವಳ ಮುಂದಿಟ್ಟೆ.

ಮೊದಲನೆಯದರಲ್ಲಿ ಸರ್ ಸೊಂಟ ಹಿಡಿದುಕೊಂಡೇ ಎದ್ದು ಸೀಟು ಕೊಡುತ್ತಾರೆ. “ಸೊಂಟನೋವಿನ ದಯದಿಂದ ಸೀಟಾ? ಬೇಡ.” ಇನ್ನೊಂದರಲ್ಲಿ ಅವಳು ಅಳುತ್ತ ಹೊರಬರುತ್ತಾಳೆ. “ನೀವೇ ಅತ್ಕೊಳ್ಳಿ.” ಕೊನೆಯದು ನನಗೆ ಬುದ್ಧಿವಂತಿಕೆಯದಾಗಿ ಕಂಡಿತ್ತು: ಸದ್ಯಕ್ಕೆ ಒಂದು ವಿಭಾಗ ಬರೆದು ಸೀಟು ಹಿಡಿ, ಮುಂದಿನದು ಮುಂದೆ.

ಅವಳಿಗೆ ಸಿಟ್ಟು ಬಂತು. “ಚೀಟೀಲಿ ಜಾಗ ಇಲ್ಲ ಅಂತಾನೇ ಆವತ್ತು ಎರಡು ಅಂತ ಬರೆದು ಸುಮ್ನಾದೆ. ಇನ್ನೊಂದ್ ಸಲ ನಂಗೆ ಆಗಲ್ಲ.”

ಸರ್ ಕೊಟ್ಟ ಪೆನ್ನನ್ನು ಅವಳು ಮುಟ್ಟಲಿಲ್ಲ, ನನ್ನ ಕೈಯಲ್ಲಿದ್ದುದನ್ನು ಕಿತ್ತುಕೊಂಡಳು. ಎರಡೂ ವಿಭಾಗದ ಹೆಸರು ಬರೆದಳು. ಅಕ್ಷರಗಳು ಚೌಕದ ಗೆರೆ ದಾಟಿ ಕಾಗದದ ಅಂಚಿನ ತನಕ ಹೋದವು.

“ಗೆರೆ ದಾಟಿದೆಯಲ್ಲಮ್ಮ.”

“ಗೊತ್ತು ಸರ್. ಚೌಕ ಚಿಕ್ಕದು.”

೬, ಅಥವಾ ೧

ಹೊರಗೆ ಕೂತಿರಿ ಎಂದರು. ಬಾಗಿಲು ಮುಚ್ಚಿದೆ, ಒಳಗೆ ದನಿ ಏರಿದೆ. ನಡುವಿನ ಬಾಗಿಲಿನ ಬೀಗದ ಕೈ ಎಲ್ಲಿ ಎಂದು ಯಾರೋ ಕೇಳಿದ ಹಾಗಾಯಿತು. (ನನ್ನ ಆಸೆಯೂ ಇರಬಹುದು.) ಅಷ್ಟರಲ್ಲಿ ಕೈಪಿಡಿಯವರ ಫೋನ್: “ಇದು ಕಥೆನೋ ಲೇಖನನೋ ಸರ್? ನಮ್ಮಲ್ಲಿರೋದು ಒಂದೇ ಕಾಲಂ.” ಎರಡೂ ಎಂದು ಹಾಕಿ ಎಂದೆ. ಜಾಗ ಇಲ್ಲ ಎಂದರು. ಮಾಡಿ ಎಂದು ಫೋನ್ ಇಟ್ಟೆ.

ಈಗ ಬಾಗಿಲಿನ ಹಿಡಿ ತಿರುಗುತ್ತಿದೆ. ಯಾರು ಏನು ಹೇಳಲು ಬರುತ್ತಿದ್ದಾರೋ ನಾನು ಬರೆಯುವುದಿಲ್ಲ. ಬರೆದರೆ ಅದೂ ಒಂದು ಚೌಕ. ಬೆಂಚಿನ ಇನ್ನೊಂದು ತುದಿಯಲ್ಲಿ ಕೂತು ಇಷ್ಟು ಮಾತ್ರ ಕೇಳಿದೆ:

“ಭಯ ಎಷ್ಟಿದೆ?”

“ಎದೆ ಢವಢವ ಅಂತಿದೆ,” ಎಂದಳು, ಬಾಗಿಲಿನಿಂದ ಕಣ್ಣು ಕೀಳದೆ. “ಹಾಗೇ ಬರ್ಕೊಳ್ಳಿ. ನಂಬರ್ ಕೇಳ್ಬೇಡಿ.”